ಪಾತ್ರ ಹುಟ್ಟಿಸುವ ಯಂತ್ರ: ಶೀಟೋ, ಒಂಟಿ ಪುಟವೋ, ಸರ್ವರೋ?

ದಾಳ ಉರುಳಿಸಿ ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಗೆ ಆನ್‌ಲೈನ್ ಕ್ಯಾರೆಕ್ಟರ್ ಜನರೇಟರ್ ಕಟ್ಟಲು ಮೂರು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದು: ಗೂಗಲ್ ಶೀಟ್ಸ್, ಜಾವಾಸ್ಕ್ರಿಪ್ಟ್ ತುಂಬಿದ ಒಂದೇ ಎಚ್‌ಟಿಎಂಎಲ್ ಪುಟ, ಪೈಥಾನ್ ಸರ್ವರ್. ಪಾತ್ರದ ನಿಯಮಗಳು ಬಹುಪಾಲು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಂದ, ಆಟದ ಮೂಲ ನಿಯಮಗಳ ದಾಖಲೆಯಾದ ಎಸ್‌ಆರ್‌ಡಿ 5.1ರವು. ಮೂಲವನ್ನು ಹೆಸರಿಸಿದರೆ ಧಾರಾಳವಾಗಿ ಬಳಸಬಹುದು. ಅದರಲ್ಲಿ ಇರುವುದು ಕಡಿಮೆಯೇ: 12 ಕ್ಲಾಸ್ (ಪಾತ್ರದ ವೃತ್ತಿ), ತಲಾ ಒಂದು ಸಬ್‌ಕ್ಲಾಸ್, ಬ್ಯಾಕ್‌ಗ್ರೌಂಡ್ (ಪಾತ್ರದ ಹಿಂದಿನ ಬದುಕು) ಅಕೋಲೈಟ್, ಅಂದರೆ ಗುಡಿಯ ಸೇವಕ, ಒಂದೇ.

ಪರೀಕ್ಷೆಗೆ ಒಂದೇ ಪಾತ್ರ: ಗುಂಡಣ್ಣ, ಹಿಲ್ ಡ್ವಾರ್ಫ್ (ಗುಡ್ಡದ ಕುಳ್ಳರ ಜನಾಂಗ), ಒಂದನೇ ಲೆವೆಲ್ಲಿನ ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕುವ ಪುರೋಹಿತ), ಅಕೋಲೈಟ್. ಸಾಮರ್ಥ್ಯದ ಸ್ಕೋರ್ ಕೊಳ್ಳಲು ಸಿಗುವ 27 ಪಾಯಿಂಟ್ ಖರ್ಚು ಮಾಡಿ ಪಡೆದದ್ದು ವಿಸ್ಡಮ್ 15, ಕಾನ್‌ಸ್ಟಿಟ್ಯೂಶನ್ 14, ಸ್ಟ್ರೆಂತ್ 14, ಕರಿಸ್ಮ 10, ಡೆಕ್ಸ್ಟೆರಿಟಿ 9, ಇಂಟೆಲಿಜೆನ್ಸ್ 9. ಇವನನ್ನೇ ಆರಿಸಿದ್ದಕ್ಕೆ ಕಾರಣವಿದೆ, ಜನರೇಟರ್ ಎಲ್ಲೆಲ್ಲಿ ಎಡವುತ್ತದೋ ಅಲ್ಲೆಲ್ಲ ಇವನು ನಿಂತಿದ್ದಾನೆ. ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳುತ್ತಾನೆ ಎಂಬ ಅಂಕಿ) 12 ಬರಬೇಕು: ಕ್ಲೆರಿಕ್‌ಗೆ 8, ಡ್ವಾರ್ಫ್ ಬೋನಸ್ ಸೇರಿ 16 ಆದ ಕಾನ್‌ಸ್ಟಿಟ್ಯೂಶನ್‌ಗೆ 3, ಹಿಲ್ ಡ್ವಾರ್ಫ್ ಗಟ್ಟಿತನಕ್ಕೆ 1. ಕೊನೆಯ ಆ ಒಂದನ್ನು ಮರೆಯುವವರೇ ಹೆಚ್ಚು. ಚೈನ್ ಮೇಲ್ ಮತ್ತು ಗುರಾಣಿ ಹಿಡಿದರೆ ಆರ್ಮರ್ ಕ್ಲಾಸ್ (ಏಟಿನಿಂದ ಕಾಯುವ ರಕ್ಷಣೆಯ ಅಂಕಿ) 18. 17 ಬಂದರೆ ಭಾರದ ಕವಚಕ್ಕೂ ಡೆಕ್ಸ್ಟೆರಿಟಿಯ ಮೈನಸ್ ಒಂದನ್ನು ಕೂಡಿಸಿದ್ದೀರಿ ಎಂದರ್ಥ. ಸ್ಕಿಲ್ ನಾಲ್ಕು ಇರಬೇಕು. ಅಕೋಲೈಟ್ ಆಗಿದ್ದಕ್ಕೇ ಇನ್‌ಸೈಟ್, ರಿಲಿಜನ್ ಎರಡೂ ಸಿಕ್ಕಿರುತ್ತವೆ. ಕ್ಲೆರಿಕ್‌ನ ಐದು ಸ್ಕಿಲ್‌ಗಳ ಪಟ್ಟಿಯಲ್ಲೂ ಅವೇ ಎರಡಿವೆ. ಪಟ್ಟಿಯಿಂದ ಅವನ್ನು ತೆಗೆಯದೆ ಕಣ್ಣುಮುಚ್ಚಿ ಎರಡು ಆರಿಸಿದರೆ ಒಮ್ಮೊಮ್ಮೆ ಮೂರೇ ಸ್ಕಿಲ್, ಕೆಲವೊಮ್ಮೆ ಎರಡೇ ಉಳಿಯುತ್ತವೆ.

ಇನ್ನು ಮಾಡಿಫೈಯರ್, ಅಂದರೆ ಸ್ಕೋರಿನಿಂದ ಸಿಗುವ ಕೂಡುವ-ಕಳೆಯುವ ಅಂಕಿ. ಸ್ಕೋರಿನಿಂದ 10 ಕಳೆದು, ಅರ್ಧ ಮಾಡಿ, ಕೆಳಕ್ಕೆ ಇಳಿಸಬೇಕು. 9ಕ್ಕೆ ಮೈನಸ್ 1. ಶೀಟ್ಸ್‌ನ ಇಂಟ್ ಸರಿಯಾಗಿ ಇಳಿಸುತ್ತದೆ. ಪೈಥಾನ್‌ನ ಇಂಟ್ ಹೆಸರಲ್ಲಿ ಅದೇ, ಆದರೆ ಸೊನ್ನೆಯ ಕಡೆಗೆ ಕತ್ತರಿಸುತ್ತದೆ, ಹಾಗಾಗಿ 0 ಕೊಡುತ್ತದೆ. ಅಲ್ಲಿ ಎರಡು ಓರೆಗೆರೆಯ ಭಾಗಾಕಾರ ಬಳಸಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಮ್ಯಾತ್‌.ಫ್ಲೋರ್ ಸರಿ, ಪಾರ್ಸ್‌ಇಂಟ್ ತಪ್ಪು. 10ಕ್ಕಿಂತ ಮೇಲಿನ ಸ್ಕೋರ್‌ಗಳಲ್ಲಿ ಎಲ್ಲವೂ ಒಂದೇ ಉತ್ತರ ಕೊಡುವುದರಿಂದ ಈ ತಪ್ಪು ತಿಂಗಳುಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ.

ಗೂಗಲ್ ಶೀಟ್ಸ್‌ನಲ್ಲಿ ಒಂದು ಸಂಜೆಗೆ ಕೆಲಸ ಮುಗಿಯುತ್ತದೆ. ಪಾಯಿಂಟ್ ಬದಲು ದಾಳದಿಂದ ಸ್ಕೋರ್ ಪಡೆಯುವುದಾದರೆ, ಒಂದೊಂದು ಸ್ಕೋರಿಗೂ ನಾಲ್ಕು ಕೋಶಗಳಲ್ಲಿ 1ರಿಂದ 6ರ ರ‍್ಯಾಂಡ್‌ಬಿಟ್ವೀನ್, ಐದನೆಯದರಲ್ಲಿ ಮೊತ್ತದಿಂದ ಕನಿಷ್ಠವನ್ನು ಕಳೆಯುವ ಸೂತ್ರ, ಅಷ್ಟೆ. ಆಮೇಲೆ ಗುಂಡಣ್ಣನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿ ನೋಡಿ: ಆರೂ ಸ್ಕೋರ್ ಬದಲು! ಯಾವ ಕೋಶ ತಿದ್ದಿದರೂ ಆ ಸೂತ್ರ ಮತ್ತೆ ದಾಳ ಉರುಳಿಸುತ್ತದೆ. ಮದ್ದು ಎರಡು: ಬಂದ ಅಂಕಿಗಳನ್ನು ಬರೀ ಮೌಲ್ಯವಾಗಿ ಅಂಟಿಸುವುದು, ಇಲ್ಲವೇ ಬಟನ್‌ಗೆ ಆ್ಯಪ್ಸ್ ಸ್ಕ್ರಿಪ್ಟ್ ಕಟ್ಟಿ ಅಂಕಿಯನ್ನೇ ಬರೆಸುವುದು. ಇನ್ನೊಂದು ತೊಡಕು, ಇಬ್ಬರು ಒಂದೇ ಶೀಟ್ ತೆರೆದರೆ ಒಬ್ಬರ ಪಾತ್ರದ ಮೇಲೆ ಇನ್ನೊಬ್ಬರು ಬರೆಯುತ್ತಾರೆ. ಪ್ರತಿಯೊಬ್ಬರೂ ತಮ್ಮ ಪ್ರತಿ ಮಾಡಿಕೊಳ್ಳಲಿ ಎಂದರೆ, ಮೂಲದಲ್ಲಿ ತಿದ್ದಿದ ತಪ್ಪು ಆ ಪ್ರತಿಗಳಿಗೆ ತಲುಪುವುದಿಲ್ಲ. ಒಂದೇ ಮೇಜಿನ ಐದಾರು ಜನಕ್ಕೆ ಇದು ಸಾಕು, ಅದಕ್ಕಿಂತ ಹೆಚ್ಚಿಗೆ ಎಳೆಯಬಾರದು.

ನಮ್ಮ ಮತ ಒಂಟಿ ಪುಟಕ್ಕೆ. ಗಿಟ್‌ಹಬ್ ಪೇಜಸ್‌ನಂಥ ಕಡೆ ದುಡ್ಡಿಲ್ಲದೆ ನಿಲ್ಲುತ್ತದೆ, ದಾಳ ಆಟಗಾರನ ಬ್ರೌಸರಿನಲ್ಲೇ ಉರುಳುತ್ತದೆ. ನಿಯಮಗಳನ್ನು ಕೋಡಿನೊಳಗೆ ಬೆರೆಸದೆ ಜೇಸನ್ ಎಂಬ ಸರಳ ಪಠ್ಯದ ಕಡತದಲ್ಲಿಡಿ. ಪುಟವನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಆ ಕಡತವನ್ನು ಓದಲು ಬ್ರೌಸರ್ ಬಿಡುವುದಿಲ್ಲ. ಪೈಥಾನ್ ಜೊತೆಗೇ ಬರುವ ಪುಟ್ಟ ಎಚ್‌ಟಿಟಿಪಿ ಸರ್ವರ್ ಹಚ್ಚಿ ನೋಡಬೇಕು. ದಾಳ ಸರಿಯಿದೆಯೇ ಎಂದು ತಿಳಿಯಲು ನಾಲ್ಕು ದಾಳ ಹಾಕಿ ಕನಿಷ್ಠ ಬಿಡುವುದನ್ನು ಒಂದು ಲಕ್ಷ ಸಲ ಓಡಿಸಿ. ಸರಾಸರಿ 12.24ರ ಹತ್ತಿರ, 18 ಬಿದ್ದದ್ದು ಸುಮಾರು 1,620 ಸಲ ಇರಬೇಕು.

ಪಾತ್ರವನ್ನು ಗೆಳೆಯರಿಗೆ ಕಳಿಸಲು ಅದನ್ನು ಲಿಂಕಿನೊಳಗೇ ತುಂಬುವುದು ಸುಲಭ. ಕನ್ನಡದ ಹೆಸರಿಟ್ಟರೆ ಮಾತ್ರ ಕಥೆ ಬೇರೆ. ಲಿಂಕಿಗಾಗಿ ಪಠ್ಯವನ್ನು ಬೇಸ್64 ಎಂಬ ಅಕ್ಷರ-ಅಂಕಿಗಳ ರೂಪಕ್ಕೆ ತಿರುಗಿಸುವ ಬ್ರೌಸರಿನ ಫಂಕ್ಷನ್ ಲ್ಯಾಟಿನ್ ಅಕ್ಷರ ಬಿಟ್ಟು ಬೇರೆ ಕಂಡರೆ ಎರರ್ ಎಸೆದು ನಿಲ್ಲುತ್ತದೆ. ಮೊದಲು ಯುಟಿಎಫ್-8 ಬೈಟ್‌ಗಳಾಗಿ ಮಾಡಿ, ಆಮೇಲೆ ತಿರುಗಿಸಿ. ನೇರವಾಗಿ ಪರ್ಸೆಂಟ್ ಎನ್‌ಕೋಡಿಂಗ್ ಮಾಡಿದರೆ ಪ್ರತಿ ಯುನಿಕೋಡ್ ಸಂಕೇತಕ್ಕೂ 9 ಅಕ್ಷರ. ಗುಂಡಣ್ಣನಲ್ಲಿ ಅಂಥವು 7, ಹೆಸರೊಂದೇ 63 ಅಕ್ಷರ ನುಂಗುತ್ತದೆ. ಪಿಡಿಎಫ್‌ಗೆ ಜೆಎಸ್‌ಪಿಡಿಎಫ್ ಲೈಬ್ರರಿ ಹಿಡಿದರೆ ಣ್ಣ ಒತ್ತಕ್ಷರವಾಗಿ ಕೂರದೆ ಬಿಡಿಬಿಡಿಯಾಗುತ್ತದೆ. ಪ್ರಿಂಟ್‌ಗೆಂದೇ ಸಿಎಸ್‌ಎಸ್ ಬರೆದು ಬ್ರೌಸರಿನ ಪ್ರಿಂಟಿಗೇ ಬಿಟ್ಟರೆ ಅಕ್ಷರ ನೆಟ್ಟಗೆ ಬರುತ್ತವೆ.

ಸರ್ವರ್ ಬೇಕಾಗುವುದು ದಾಳಕ್ಕೆ ಸಾಕ್ಷಿ ಬೇಕಾದಾಗ. ಬ್ರೌಸರಿನಲ್ಲಿ ಉರುಳಿದ ದಾಳವನ್ನು ಡೆವಲಪರ್ ಟೂಲ್ಸ್ ತೆರೆದು ಯಾರು ಬೇಕಾದರೂ 18 ಮಾಡಬಹುದು. ಸರ್ವರಿನಲ್ಲಿ ಉರುಳಿಸಿ ದಾಖಲೆ ಇಟ್ಟರೆ ಆಟ ನಡೆಸುವ ಡಂಜನ್ ಮಾಸ್ಟರ್‌ಗೆ ನೆಮ್ಮದಿ. ಬದಲಿಗೆ ಲಾಗಿನ್, ಪಾಸ್‌ವರ್ಡ್, ಬ್ಯಾಕಪ್ ಎಲ್ಲ ತಲೆಗೆ ಬರುತ್ತವೆ. ಎಸ್‌ಕ್ಯೂಲೈಟ್ ಡೇಟಾಬೇಸ್ ಕಡತವನ್ನು ತಾತ್ಕಾಲಿಕ ಡಿಸ್ಕಿನಲ್ಲಿಟ್ಟರೆ ಮುಂದಿನ ಡಿಪ್ಲಾಯ್‌ಗೆ ಪಾತ್ರಗಳೆಲ್ಲ ಮಾಯ.

ಮೂರರಲ್ಲಿ ಯಾವುದನ್ನೇ ಹಿಡಿಯಿರಿ, ಉಳಿಸಬೇಕಾದ್ದು ಆಟಗಾರನ ಆಯ್ಕೆಗಳನ್ನು ಮತ್ತು ಮೂಲ ಸ್ಕೋರ್‌ಗಳನ್ನು. ಹಿಟ್ ಪಾಯಿಂಟ್ 12 ಎಂದು ಬರೆದಿಡಬೇಡಿ; ತೆರೆದಾಗಲೆಲ್ಲ ಲೆಕ್ಕ ಹಾಕಿಸಿ. ಜೊತೆಗೆ ನಿಯಮದ ಆವೃತ್ತಿಯನ್ನೂ ಸೇರಿಸಿ. 2025ರಲ್ಲಿ ಬಂದ ಎಸ್‌ಆರ್‌ಡಿ 5.2ರಲ್ಲಿ ಸ್ಕೋರಿನ ಬೋನಸ್ ಡ್ವಾರ್ಫ್ ಆಗಿದ್ದಕ್ಕಲ್ಲ, ಬ್ಯಾಕ್‌ಗ್ರೌಂಡಿಗೆ ಸಿಗುತ್ತದೆ. ಡ್ವಾರ್ಫ್‌ನ ನಡಿಗೆಯೂ 25 ಅಡಿಯಿಂದ 30ಕ್ಕೆ ಏರಿದೆ. ಆವೃತ್ತಿ ಬರೆಯದ ಹಳೆಯ ಲಿಂಕ್ ತೆರೆದರೆ ಗುಂಡಣ್ಣ ಯಾವ ವೇಗದಲ್ಲಿ ನಡೆಯಬೇಕೆಂದು ಪುಟಕ್ಕೆ ಗೊತ್ತಾಗುವುದಿಲ್ಲ.