ಸ್ಪಾಂಗ್, ಪ್ಯೂಜೋ, ಎರಡು ಚಕ್ರದ ಎಂಟರ್‌ಪ್ರೈಸ್: ದಿನಾ ಡಿಕಾಕ್ಷನ್ ಹಾಕುವವರಿಗೆ ಯಾವುದು?

ಬೀಡಿನ, ಅಂದರೆ ಎರಕದ ಕಬ್ಬಿಣದ, ಕೈಯಲ್ಲಿ ತಿರುಗಿಸುವ ಹಳೇ ಕಾಫಿ ಮಿಲ್ ಹುಡುಕುತ್ತಿದ್ದೇನೆ ಅನ್ನುವವರಿಗೆಲ್ಲ ನನ್ನದು ಒಂದೇ ಮಾತು: ಸ್ಪಾಂಗ್ ಸಿಕ್ಕರೆ ಬಿಡಬೇಡಿ. 1856ರಲ್ಲಿ ಲಂಡನ್ನಿನಲ್ಲಿ ಶುರುವಾದ ಕಂಪನಿಯದು. ಕಪ್ಪು ಮೈ, ಚಿನ್ನದ ಬಣ್ಣದ ಅಕ್ಷರ. ನನ್ನದು ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಹಳೇ ನಲ್ಲಿ, ಬೀಗಗಳ ರಾಶಿಯ ನಡುವೆ ಬಿದ್ದಿತ್ತು. ಪೆಟ್ಟಿಗೆಯ ಆಕಾರದ ಪ್ಯೂಜೋ ಮಿಲ್ಲನ್ನು ಸಂಗ್ರಾಹಕ ಗೆಳೆಯನೊಬ್ಬನಿಂದ ಕಡ ತಂದು ಕೆಲವು ವಾರ ಬಳಸಿದೆ. ಎರಡು ಚಕ್ರದ ಎಂಟರ್‌ಪ್ರೈಸ್ ಮಿಲ್ ಜೆ.ಪಿ. ನಗರದ ಭಾವನ ಮನೆಯಲ್ಲಿದೆ. ಹೋದಾಗಲೆಲ್ಲ ತಿರುಗಿಸಿದ್ದೇನೆ.

ಸ್ಪಾಂಗ್ ಕೊಟ್ಟ ತಲೆನೋವು ಒಂದೇ, ಅದರ ಕ್ಲಾಂಪು. ಮರದ ಮೇಜಿನ ಅಂಚಿಗೆ ಕಚ್ಚಿಸಲು ಮಾಡಿದ್ದು. ನಮ್ಮ ಬೆಂಗಳೂರಿನ ಅಡುಗೆಮನೆಯಲ್ಲಿ ಮರದ ಮೇಜೆಲ್ಲಿದೆ? ಗ್ರಾನೈಟ್ ಕಟ್ಟೆಯ ಅಂಚಿಗೆ ಇನ್ನೊಂದು ಪಟ್ಟಿ ಅಂಟಿಸಿ, ದಪ್ಪ ಮಾಡಿ, ದುಂಡಗೆ ಪಾಲಿಶ್ ಹೊಡೆದಿರುತ್ತಾರೆ. ಕ್ಲಾಂಪಿನ ಬಾಯಿ ಅಷ್ಟಗಲ ತೆರೆಯುವುದಿಲ್ಲ. ಅಂಚು ತೆಳ್ಳಗಿರುವ ಕಡೆ ಕೆಳಗೆ ಡ್ರಾಯರ್ ಬಂದು ತಿರುಪಿಗೆ ಜಾಗವಿಲ್ಲ. ಡೈನಿಂಗ್ ಟೇಬಲ್ಲಿಗೆ ಗಾಜಿನ ಹಾಸು; ಅದಕ್ಕೆ ಬಿಗಿಯುವ ಧೈರ್ಯ ಯಾರಿಗಿದೆ?

ಮಿಲ್ಲಿನ ಕಾಲಿಗೆ ತೂತು ಹೊಡೆದು ಬೋಲ್ಟ್ ಹಾಕಿಕೊಡ್ತೀನಿ ಸಾರ್ ಅಂದ ಒಬ್ಬ ಮೆಕ್ಯಾನಿಕ್. ಬೀಡು ಬಾಗುವ ಜಾತಿಯಲ್ಲ, ಪೆಟ್ಟು ಬಿದ್ದರೆ ಸೀಳುತ್ತದೆ. ಸೀಳದಿದ್ದರೂ ತೂತು ಬಿದ್ದ ಮಿಲ್ಲನ್ನು ಸಂಗ್ರಾಹಕರು ಮೂಸಿಯೂ ನೋಡುವುದಿಲ್ಲ. ಕೊನೆಗೆ ಬಡಗಿಯ ಹತ್ತಿರ ಒಂದು ಉದ್ದನೆ ಬೆಂಚು ಮಾಡಿಸಿದೆ. ಒಂದು ತುದಿಗೆ ಮಿಲ್, ಇನ್ನೊಂದು ತುದಿಯಲ್ಲಿ ನಾನು, ಥೇಟ್ ಈಳಿಗೆಮಣೆ ಮೇಲೆ ಕೂತ ಹಾಗೆ. "ಕಾಯಿ ತುರಿಯೋಕೆ ಕೂತಿದೀಯೇನೋ?" ಅಂತ ಅಮ್ಮ ದಿನಾ ನಗುತ್ತಾರೆ. ಬಡಗಿಯ ಕೂಲಿಯನ್ನೂ ಮಿಲ್ಲಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಪ್ಯೂಜೋಗೆ ಈ ರಗಳೆ ಇಲ್ಲ, ತೊಡೆ ನಡುವೆ ಇಟ್ಟುಕೊಂಡು ಬೀಸಬಹುದು. ಕಾರು ಮಾಡುವ ಫ್ರಾನ್ಸಿನ ಪ್ಯೂಜೋನೇ, ಕಾರಿಗಿಂತ ಎಷ್ಟೋ ಮೊದಲು, 1840ರಿಂದಲೇ ಕಾಫಿ ಮಿಲ್ ಮಾಡುತ್ತಿದ್ದರು. ಬೀಜ ಅರೆಯುವ ಹಲ್ಲುಗಳು ಅದ್ಭುತ, ಪುಡಿಯ ಸಮತೆಯಲ್ಲಿ ನನ್ನ ಸ್ಪಾಂಗನ್ನೂ ಮೀರಿಸಿತು. ಆದರೆ ಪುಡಿ ಬೀಳುವ ಡ್ರಾಯರ್ ಪುಟ್ಟದು. ನಮ್ಮ ಮನೆಯ ದೊಡ್ಡ ಫಿಲ್ಟರಿಗೆ ಎರಡು ಸಲ ಬೀಸಬೇಕು. ಬೆಳಿಗ್ಗೆ ಆರಕ್ಕೆ ಅಷ್ಟು ತಾಳ್ಮೆ ನನಗಿಲ್ಲ.

ಎಂಟರ್‌ಪ್ರೈಸ್ ನೋಡಲು ರಾಜ. ಅಸಲಿಯದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅಂಗಡಿಗಳ ಗಲ್ಲಾದ ಮೇಲಿಡಲು ಮಾಡಿದ್ದು. ಮೈಮೇಲೆ 1873 ಅಂತ ಎರಕ ಹೊಯ್ದಿರುತ್ತದೆ. ಅದು ಪೇಟೆಂಟಿನ ವರ್ಷ, ಮಿಲ್ ತಯಾರಾದ ವರ್ಷವಲ್ಲ. ಮಾರುವವರು ಇಷ್ಟನ್ನು ಮಾತ್ರ ಹೇಳುವುದೇ ಇಲ್ಲ. ಭಾವನದಕ್ಕೆ ಟಾರ್ಚ್ ಬಿಟ್ಟು ನೋಡಿದರೆ ಪ್ಲಸ್ ತಲೆಯ ಸ್ಕ್ರೂಗಳು! ಅವು ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಸ್ಕ್ರೂ ಒಂದನ್ನೇ ಯಾರೋ ಬದಲಿಸಿರಬಹುದು, ಸರಿ. ಎರಕವೂ ಒರಟು, ಚಕ್ರವೂ ಓಲಾಡುತ್ತದೆ, ಒಳಗೆ ಒಂದೇ ಸಮನೆ ಕಿತ್ತಳೆ ಬಣ್ಣದ ತುಕ್ಕು. ನಕಲೇ. ಭಾವನಿಗೆ ಇನ್ನೂ ಹೇಳಿಲ್ಲ. ಷೋಕೇಸಿಗೆ ಚೆನ್ನಾಗಿದೆ, ಇರಲಿ.

ಬೆಲೆ ಕಟ್ಟುವಾಗ ಮೊದಲು ಹಲ್ಲು, ಆಮೇಲೆ ಮೂಲ ಬಣ್ಣ. ಹೊಸದಾಗಿ ಪೇಂಟ್ ಬಳಿದು ಮಿರಮಿರ ಮಿಂಚುವುದಕ್ಕಿಂತ, ಅರ್ಧ ಅಕ್ಷರ ಅಳಿಸಿಹೋದರೂ ಮೂಲ ಬಣ್ಣ ಉಳಿದದ್ದಕ್ಕೇ ನಾನು ಹೆಚ್ಚು ಕೊಡುತ್ತೇನೆ. ಆದರೆ ಹಳೇ ಬಣ್ಣದಲ್ಲಿ ಸೀಸ ಇರಬಹುದು. ಬೀಜ ಹಾಕುವ ಬಟ್ಟಲಿನ ಒಳಗೆ ಸಿಪ್ಪೆ ಏಳುತ್ತಿದ್ದರೆ ಕುಡಿಯುವ ಕಾಫಿಗೆ ಬಳಸಬೇಡಿ. ಪುಡಿ ಬೀಳುವ ತಟ್ಟೆ, ಹಿಡಿ ಅದರದೇ ಆಗಿರಬೇಕು. ಬೆಸುಗೆ ಗೆರೆ ಕಂಡರೆ ಎದ್ದು ಬನ್ನಿ.

ಮೂಸಿಯೂ ನೋಡಿ. ನನ್ನ ಮಿಲ್ಲಿನ ಹಿಂದಿನ ಯಜಮಾನರು ಅದರಲ್ಲಿ ಧನಿಯಾ ಬೀಸಿದ್ದರು. ಮೊದಮೊದಲು ನಮ್ಮ ಕಾಫಿಗೆ ಸಾರಿನಪುಡಿಯ ಘಮ. ನೀರು ಸೋಕಿಸಬಾರದು, ತುಕ್ಕು ಹಿಡಿಯುತ್ತದೆ. ಒಣ ಅಕ್ಕಿ ಬೀಸಿ ಬೀಸಿ ಬ್ರಷ್ ಹೊಡೆದ ಮೇಲೆ ಹೋಯಿತು. ಚಿಕೋರಿಯನ್ನು ಇದಕ್ಕೆ ಹಾಕಬೇಡಿ, ಪುಡಿ ತಂದು ಆಮೇಲೆ ಬೆರೆಸಿಕೊಳ್ಳಿ.

ನನ್ನ ಮಿತಿ 5,000 ರೂಪಾಯಿ, ಬಳಕೆ ದಿನಾ ಎರಡು ಹೊತ್ತು. ಅದಕ್ಕೆ ಸ್ಪಾಂಗ್. ಒಂಟಿಯಾಗಿದ್ದು ಒಂದು ಲೋಟ ಕುಡಿಯುವವರಾದರೆ ಪ್ಯೂಜೋ ತಗೊಳ್ಳಿ. ಯಾವುದಕ್ಕೆ ಹೋದರೂ ಜೇಬಿನಲ್ಲಿ ಒಂದು ಹಿಡಿ ಹುರಿದ ಪೀಬೆರಿ ಕಾಫಿಬೀಜ ಇರಲಿ, ಅಲ್ಲೇ ಹಾಕಿ ತಿರುಗಿಸಿ. ಬೇಡ ಅನ್ನುವ ಅಂಗಡಿಯವನ ಹತ್ತಿರ ಚೌಕಾಸಿಯೂ ಬೇಡ.