ಹಳೇ ಕಪಾಟು: ಗುಜರಿ ಅಂಗಡಿಯದ್ದೋ, ವರ್ಗವಾದವರ ಮನೆಯದ್ದೋ?

ಕಾರವಾರದಲ್ಲಿ ಹಳೇ ಕಪಾಟು ಹುಡುಕುವವರಿಗೆ ಎರಡು ದಾರಿ ಇದೆ. ಒಂದು ಗುಜರಿ ಅಂಗಡಿ, ಇನ್ನೊಂದು ವರ್ಗವಾಗಿ ಹೊರಟವರ ಮನೆ. ಕೈಗಾ ಅಣು ವಿದ್ಯುತ್ ಸ್ಥಾವರ, ನೌಕಾನೆಲೆ ಐಎನ್‌ಎಸ್ ಕದಂಬ ಎರಡೂ ಇರುವ ಕಡೆ ಊರು ಬಿಡುವವರು ಸಿಕ್ಕೇ ಸಿಗುತ್ತಾರೆ.

ಗುಜರಿಯಲ್ಲಿ ರೇಟು ಕಮ್ಮಿ, ಚೌಕಾಸಿಯೂ ನಡೆಯುತ್ತದೆ. ಆದರೆ ಕಡಲ ಗಾಳಿಯ ಉಪ್ಪು ಕಬ್ಬಿಣವನ್ನು ಸುಮ್ನೆ ಬಿಡುವುದಿಲ್ಲ. ಹೊಸ ಬಣ್ಣ ನೋಡಿ ಮರುಳಾಗಬೇಡಿ. ಬಗ್ಗಿ, ತಳಕ್ಕೆ ಕೈ ಹಾಕಿ ಸವರಿ. ನಾನು ಹಾಗೆ ನೋಡದೆ ತಂದ ಕಪಾಟಿನ ಕಾಲು ಒಂದೇ ಮಳೆಗಾಲಕ್ಕೆ ಪದರ ಪದರವಾಗಿ ಉದುರಿತು. ತುಂಬಾ ಬೇಜಾರಾಯಿತು. ಮರದ್ದಾದರೆ ಬೆರಳ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ, ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳ ಹಿಡಿದಿದೆ. ಬಿಟ್ಟು ಬನ್ನಿ.

ಮನೆಯಲ್ಲಿ ಬೆಲೆ ಸ್ವಲ್ಪ ಜಾಸ್ತಿ. ಆದರೆ ಎಷ್ಟು ವರ್ಷ ಬಳಸಿದರು, ಒದ್ದೆ ಗೋಡೆಗೆ ಒರಗಿಸಿಟ್ಟಿದ್ದರಾ ಅಂತ ಕೇಳಬಹುದು, ಅಲ್ವಾ? ಸಾಮಾನಿನ ಲಾರಿ ಬರುವ ಹಿಂದಿನ ದಿನ ಹೋದರೆ ಬೆಲೆಯೂ ಇಳಿಯುತ್ತದೆ. ಮಲ್ಲಾಪುರದ ಕೈಗಾ ಟೌನ್‌ಶಿಪ್‌ನಿಂದ ತರುವುದಾದರೆ ಗಾಡಿ ಬಾಡಿಗೆ ಮೊದಲೇ ಲೆಕ್ಕ ಹಾಕಿ.

ಪಾತ್ರೆ, ಸ್ಟೂಲಿಗೆ ಗುಜರಿ ಸಾಕು. ಬಟ್ಟೆ ಇಡುವ ಕಪಾಟಾದರೆ ಮನೆಯದ್ದನ್ನೇ ತನ್ನಿ.