ವಾಟ್ಸಾಪ್ ಬಿಸಿನೆಸ್, ಗೂಗಲ್ ಪ್ರೊಫೈಲ್, ಇನ್‌ಸ್ಟಾಗ್ರಾಮ್: ಹಲಸಿನ ಹಪ್ಪಳ ಮಾರುವವರ ಲಾಂಗ್ ಟರ್ಮ್ ರಿವ್ಯೂ

ಮೊದ್ಲೇ ಹೇಳಿಬಿಡ್ತೇನೆ, ಮೂರರಲ್ಲಿ ಒಂದೇ ಇಟ್ಕೊಳ್ಳಿ ಅಂದ್ರೆ ನಾನು ವಾಟ್ಸಾಪ್ ಬಿಸಿನೆಸ್ ಇಟ್ಕೊಳ್ತೇನೆ. ಆದ್ರೆ ಹೆಸರು ಉಳಿಸಿಕೊಳ್ಳುವ ವಿಷಯ ಬಂದ್ರೆ ಗೂಗಲ್ ಪ್ರೊಫೈಲ್ (ಗೂಗಲ್ ಸರ್ಚಲ್ಲಿ, ಮ್ಯಾಪಲ್ಲಿ ನಮ್ಮ ವ್ಯಾಪಾರದ ವಿವರ ತೋರಿಸುವ ಪುಟ) ಬಿಟ್ಟು ನಡೆಯುದಿಲ್ಲ. ಇನ್‌ಸ್ಟಾ ಇದ್ರೂ ಆಯ್ತು, ಇಲ್ಲದಿದ್ರೂ ಆಯ್ತು.

ನಮ್ಮದು ಬದಿಯಡ್ಕ ಕಡೆ, ಕಾಸರಗೋಡು ಜಿಲ್ಲೆ. ನಾನು, ಅತ್ತಿಗೆ, ಮತ್ತೆ ಸೀಸನಲ್ಲಿ ನೆರೆಕರೆಯ ನಾಲ್ಕೈದು ಹೆಂಗಸರು ಸೇರಿ ಹಲಸಿನಕಾಯಿ ಹಪ್ಪಳ, ಚಿಪ್ಸ್, ಮಾಂಬಳ (ಮಾವಿನಹಣ್ಣಿನ ರಸ ಒಣಗಿಸಿದ್ದು), ಉಪ್ಪುಸೊಳೆ (ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ), ಮಿಡಿ ಉಪ್ಪಿನಕಾಯಿ ಮಾಡಿ ಮಾರ್ತೇವೆ. ಅಂಗಡಿ ಅಂತ ಬೋರ್ಡು ಹಾಕಿದ್ದು ಏನೂ ಇಲ್ಲ, ಮನೆಯ ಜಗಲಿಯೇ ಅಂಗಡಿ. ಗಿರಾಕಿಗಳು ಊರಿನವರು ಸ್ವಲ್ಪ, ಮಂಗಳೂರು ಬೆಂಗಳೂರಿನ ನಮ್ಮ ಕಡೆಯವರು ಜಾಸ್ತಿ, ಮತ್ತೆ ಗಲ್ಫಿಂದ ರಜೆಗೆ ಬಂದು ವಾಪಸ್ ಹೋಗುವಾಗ ಮಂಗಳೂರು ಏರ್‌ಪೋರ್ಟಿನ ದಾರಿಯಲ್ಲಿ ಕಾರು ನಿಲ್ಲಿಸಿ ತಗೊಂಡು ಹೋಗುವವರು. ಕನ್ನಡ, ತುಳು, ಮಲಯಾಳ, ಕೊಂಕಣಿ ಎಲ್ಲದರಲ್ಲೂ ಆರ್ಡರ್ ಬರ್ತದೆ, ಇದು ಮುಂದೆ ಬೇಕಾಗ್ತದೆ ಅಂತ ಈಗಲೇ ಹೇಳಿದ್ದು.

ವಾಟ್ಸಾಪ್ ಬಿಸಿನೆಸ್ ಆ್ಯಪ್ ಫ್ರೀ, 2018ರಲ್ಲಿ ಬಂದದ್ದು, ಮಾಮೂಲಿ ವಾಟ್ಸಾಪಿನ ಹಾಗೇ ಉಂಟು. ಮುಖ್ಯ ಉಪಯೋಗ ಕ್ಯಾಟಲಾಗ್. ಮೊದಲು ದಿನಾ "ರೇಟ್ ಎಷ್ಟು" "ಪ್ಯಾಕೆಟಲ್ಲಿ ಎಷ್ಟು ಹಪ್ಪಳ ಬರ್ತದೆ" ಅಂತ ಬರೆದು ಬರೆದು ಬೆರಳು ನೋವು, ಈಗ ಲಿಂಕ್ ಕೊಟ್ರೆ ಫೋಟೊ ರೇಟ್ ಎಲ್ಲ ಅವರೇ ನೋಡ್ತಾರೆ. 500 ಐಟಂವರೆಗೆ ಹಾಕ್ಲಿಕ್ಕೆ ಆಗ್ತದೆ, ನಮ್ಮಲ್ಲಿ ಇರುದೇ ಹತ್ತು ಹನ್ನೆರಡು. ಸ್ಟಾಕ್ ಮುಗಿದ ಐಟಮನ್ನು ಅಡಗಿಸಿ ಇಡ್ಲಿಕ್ಕೆ ಆಗ್ತದೆ, ಹಲಸಿನ ವ್ಯಾಪಾರದವರಿಗೆ ಇದು ಬೇಕೇ ಬೇಕು, ಯಾಕಂದ್ರೆ ಮಳೆ ಹಿಡಿದ ಮೇಲೆ ಹಪ್ಪಳ ಒಣಗಿಸ್ಲಿಕ್ಕೆ ಬಿಸಿಲು ಎಲ್ಲಿ ಉಂಟು, ಅಲ್ಲಿಯವರೆಗೆ ಮಾಡಿಟ್ಟದ್ದೇ ಮುಂದಿನ ವರ್ಷದ ತನಕ ಬರಬೇಕು. ಕ್ವಿಕ್ ರಿಪ್ಲೈ ಕೂಡ ಒಳ್ಳೇದು, ಒಂದು ಓರೆ ಗೀಟು (/) ಹಾಕಿ ಶಾರ್ಟ್‌ಕಟ್ ಒತ್ತಿದ್ರೆ ಬರೆದಿಟ್ಟ ಉತ್ತರ ಬರ್ತದೆ. ಅದನ್ನು ನಾವು ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು ಮಾಡಿಟ್ಟಿದ್ದೇವೆ, ಮಲಯಾಳದ್ದನ್ನು ಅತ್ತಿಗೆಯ ಮಗಳು ಬರೆದು ಕೊಟ್ಟದ್ದು. ಲೇಬಲ್‌ನಲ್ಲಿ "ಹಣ ಬಾಕಿ" ಅಂತ ಬಣ್ಣ ಹಾಕಿಟ್ರೆ ಯಾರು ಕೊಡ್ಲಿಕ್ಕೆ ಉಂಟು ಅಂತ ಕೂಡಲೇ ಗೊತ್ತಾಗ್ತದೆ. ಸಂಬಂಧಿಕರ ಹತ್ರ ದುಡ್ಡು ಕೇಳುದು ಹೇಗೆ ಅನ್ನುದಕ್ಕೆ ಮಾತ್ರ ಆ್ಯಪಲ್ಲಿ ಫೀಚರ್ ಇಲ್ಲ.

ಬ್ರಾಡ್‌ಕಾಸ್ಟ್, ಅಂದ್ರೆ ಒಂದೇ ಮೆಸೇಜ್ ತುಂಬಾ ಜನರಿಗೆ ಒಟ್ಟಿಗೆ ಕಳಿಸುದು, ಅದರ ಬಗ್ಗೆ ತುಂಬಾ ಜನ ಕೇಳ್ತಾರೆ. ಒಂದು ಲಿಸ್ಟಲ್ಲಿ 256 ಜನ, ಅದೂ ನಿಮ್ಮ ನಂಬರ್ ಅವರ ಫೋನಲ್ಲಿ ಸೇವ್ ಇದ್ರೆ ಮಾತ್ರ ಅವರಿಗೆ ತಲುಪುದು. ಅದಕ್ಕೇ ನಾವು ಪ್ರತಿ ಪಾರ್ಸೆಲ್ ಒಳಗೆ "ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ಹಪ್ಪಳ ಬಂದಾಗ ತಿಳಿಸ್ತೇವೆ" ಅಂತ ಚೀಟಿ ಹಾಕುದು. ಎಲ್ಲಿಂದಲೋ ನಂಬರ್ ತಂದು ಗುಡ್ ಮಾರ್ನಿಂಗ್ ಜೊತೆ ರೇಟ್ ಲಿಸ್ಟ್ ಕಳಿಸುವವರು ಇದ್ದಾರೆ, ನಾಲ್ಕು ಜನ ಬ್ಲಾಕ್ ಮಾಡಿ ರಿಪೋರ್ಟ್ ಹೊಡೆದ್ರೆ ನಂಬರೇ ಬ್ಯಾನ್ ಆಗುವ ಸಾಧ್ಯತೆ ಉಂಟು, ಆಮೇಲೆ ವ್ಯಾಪಾರ ಎಲ್ಲಿಂದ.

ಇನ್ನು ಗೂಗಲ್. ಗೂಗಲ್ ಮೈ ಬಿಸಿನೆಸ್ ಅಂತ ಇತ್ತು, 2021ರ ನವೆಂಬರಲ್ಲಿ ಬಿಸಿನೆಸ್ ಪ್ರೊಫೈಲ್ ಅಂತ ಹೆಸರು ಬದಲಾಯ್ತು. ಆಮೇಲೆ ಅದರ ಬೇರೆ ಆ್ಯಪ್ ಹೋಯ್ತು, 2024ರ ಮಾರ್ಚಲ್ಲಿ ಅದರೊಳಗೆ ಕೊಡ್ತಿದ್ದ ಫ್ರೀ ವೆಬ್‌ಸೈಟ್ ಹೋಯ್ತು, ಜುಲೈ ಕೊನೆಗೆ ಚಾಟ್ ಕೂಡ ಹೋಯ್ತು. ಫ್ರೀಯಾಗಿ ಕೊಟ್ಟದ್ದು ಯಾವಾಗ ಬೇಕಾದ್ರೂ ಹೋಗ್ತದೆ ಅಂತ ತಿಳ್ಕೊಂಡೇ ಉಪಯೋಗಿಸ್ಬೇಕು, ಅದಕ್ಕೆ ಫೋಟೊ, ಗಿರಾಕಿಗಳ ಲಿಸ್ಟ್ ಎಲ್ಲ ನಮ್ಮ ಹತ್ರವೂ ಒಂದು ಕಾಪಿ ಇರ್ಲಿ. ಈಗ ಉಳಿದದ್ದು ಮ್ಯಾಪಲ್ಲಿ ನಮ್ಮ ಪಿನ್, ಟೈಮಿಂಗ್, ಫೋನ್, ಫೋಟೊ, ರಿವ್ಯೂ. ಇಷ್ಟು ಸಾಕು ಮಾರಾಯ್ರೆ. ಹೈವೇಯನ್ನು ಆರು ಲೇನ್ ಮಾಡ್ಲಿಕ್ಕೆ ಶುರು ಮಾಡಿದ ಮೇಲೆ ಕುಂಬಳೆಯಲ್ಲಿ ಎಲ್ಲಿ ತಿರುಗಬೇಕು ಅಂತ ಹೊರಗಿನವರಿಗೆ ತಲೆಬುಡ ಗೊತ್ತಾಗ್ತಿರ್ಲಿಲ್ಲ, ಲೊಕೇಶನ್ ಲಿಂಕ್ ಇದ್ದದ್ದರಿಂದ ಎಷ್ಟೋ ಜನ ಫೋನ್ ಮಾಡದೆ ಸೀದಾ ಜಗಲಿಗೆ ಬಂದಿದ್ದಾರೆ. ಒಂದು ಎಚ್ಚರಿಕೆ: ಪ್ರೊಫೈಲಲ್ಲಿ ಯಾರು ಬೇಕಾದ್ರೂ "ತಿದ್ದುಪಡಿ ಸೂಚಿಸಿ" ಒತ್ತಬಹುದು, ಅಂಗಡಿ ಪರ್ಮನೆಂಟ್ ಆಗಿ ಮುಚ್ಚಿದೆ ಅಂತ ಕೂಡ. ನಮ್ಮದಕ್ಕೆ ಯಾರೋ ಹಾಗೆ ಮಾಡಿದ್ರು, ಯಾರಂತ ಅಂದಾಜು ಉಂಟು, ಇರ್ಲಿ ಬಿಡಿ. ವಾರಕ್ಕೊಮ್ಮೆ ನಿಮ್ಮದೇ ಹೆಸರು ಸರ್ಚ್ ಮಾಡಿ ನೋಡ್ತಾ ಇರಿ.

ರಿವ್ಯೂ ಕತೆ ಸ್ವಲ್ಪ ಉದ್ದ ಉಂಟು. ಒಂದು ದಿನ ಮಲಯಾಳದಲ್ಲಿ ಒಂದು ಸ್ಟಾರ್ ಬಿತ್ತು, ಚಿಪ್ಸಿಗೆ ಎಣ್ಣೆ ಕಮಟು ವಾಸನೆ, ದುಡ್ಡು ದಂಡ ಅಂತ. ಹೆಸರು ನೋಡಿದ್ರೆ ನಮ್ಮ ಯಾವ ಲಿಸ್ಟಲ್ಲೂ ಇಲ್ಲದ ಜನ. ಅತ್ತಿಗೆಗೆ ಸಿಟ್ಟು ನೆತ್ತಿಗೇರಿ "ಇವನಿಗೆ ಸರೀ ಬರಿ" ಅಂತ ಕೂತ್ರು. ನಾವು ಬರೆದದ್ದು ಇಷ್ಟೇ, ಅದೂ ಮಲಯಾಳದಲ್ಲೇ: "ನಮಸ್ಕಾರ. ಪ್ಯಾಕೆಟಿನ ಹಿಂದೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ನಂಬರ್ ಇರ್ತದೆ, ಅದರ ಫೋಟೊ ನಮ್ಮ ವಾಟ್ಸಾಪಿಗೆ ಕಳಿಸಿ. ನಮ್ಮದೇ ಆದ್ರೆ ಬೇರೆ ಪ್ಯಾಕೆಟ್ ಕಳಿಸ್ತೇವೆ, ಬೇಡ ಅಂದ್ರೆ ದುಡ್ಡು ವಾಪಸ್." ಎರಡು ದಿನ ಬಿಟ್ಟು ಫೋಟೊ ಬಂತು, ಬೇರೆ ಯಾರದ್ದೋ ಪ್ಯಾಕೆಟ್, ಹೆಸರು ಮಾತ್ರ ನಮ್ಮದರ ಹಾಗೆ. "ಸಾರಿ ಚೇಚಿ (ಅಕ್ಕ)" ಅಂದ್ರು. ಸ್ಟಾರ್ ಮಾತ್ರ ತೆಗೀಲಿಲ್ಲ, ಇವತ್ತಿಗೂ ಅಲ್ಲೇ ಕೂತಿದೆ. ಆದ್ರೆ ಅದನ್ನು ಓದಿಯೇ ಫೋನ್ ಮಾಡಿದೆ ಅಂತ ಹೇಳಿದ ಗಿರಾಕಿಗಳು ಉಂಟು, ಕಂಪ್ಲೇಂಟ್ ಬಂದ್ರೆ ಇವರು ಉತ್ತರ ಕೊಡ್ತಾರೆ ಅಂತ ಕಂಡಿತಂತೆ. ರಿವ್ಯೂವನ್ನು ನಾವು ಡಿಲೀಟ್ ಮಾಡ್ಲಿಕ್ಕೆ ಆಗುದಿಲ್ಲ, ನಿಯಮ ಮೀರಿದ್ರೆ ರಿಪೋರ್ಟ್ ಮಾಡಬಹುದು ಅಷ್ಟೆ, ಕೆಟ್ಟದಾಗಿ ಬರೆದಿದ್ದಾರೆ ಅನ್ನುದು ನಿಯಮ ಮೀರಿದ ಹಾಗಲ್ಲ. ಬೈದು ಉತ್ತರ ಬರೆದ್ರೆ ಆ ಬೈಗುಳ ಗಿರಾಕಿಯ ಸ್ಟಾರಿಗಿಂತ ಜಾಸ್ತಿ ಜನ ಓದ್ತಾರೆ.

ಮತ್ತೆ ಫೈವ್ ಸ್ಟಾರ್ ಮಾರುವವರು ಫೋನ್ ಮಾಡ್ತಾರೆ, ಇಷ್ಟು ದುಡ್ಡಿಗೆ ಇಷ್ಟು ರಿವ್ಯೂ ಅಂತ. ಬೇಡ. ರಿವ್ಯೂ ಬರೆದ್ರೆ ಡಿಸ್ಕೌಂಟ್ ಅನ್ನುದೂ ಗೂಗಲ್ ನಿಯಮಕ್ಕೆ ವಿರುದ್ಧ. "ಗೂಗಲಿಂದ ಮಾತಾಡುದು, ಹಣ ಕಟ್ಟದಿದ್ರೆ ಲಿಸ್ಟಿಂಗ್ ತೆಗೀತೇವೆ" ಅನ್ನುವ ಕಾಲ್ ಬಂದ್ರೆ ಫೋನ್ ಇಡಿ, ಲಿಸ್ಟಿಂಗಿಗೆ ದುಡ್ಡೇ ಇಲ್ಲ.

ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಸ್ಟಾರ್ ಅಲ್ಲ, ಒಂದು ವಾಯ್ಸ್ ಕ್ಲಿಪ್. "ಈಗಿನ ಹಪ್ಪಳಕ್ಕೆ ಹಲಸು ಎಲ್ಲಿ ಹಾಕ್ತಾರೆ, ಬರೀ ಮೈದಾ" ಅಂತ ಯಾರೋ ಹೇಳಿದ್ದು ಊರಿನ ಗ್ರೂಪುಗಳಲ್ಲಿ ಸುತ್ತಿತು. ನಮ್ಮ ಹೆಸರು ಹೇಳಿರ್ಲಿಲ್ಲ, ಆದ್ರೆ ಊರಲ್ಲಿ ಹಪ್ಪಳ ಮಾಡುವವರು ಎಷ್ಟು ಜನ ಇದ್ದಾರೆ ಹೇಳಿ. ನಾವು ಇಲ್ಲದ ಗ್ರೂಪಿಗೆ ಹೋಗಿ ಉತ್ತರ ಕೊಡುದು ಹೇಗೆ, ಅಲ್ಲಿ ರಿಪ್ಲೈ ಬಟನೂ ಇಲ್ಲ. ತುಂಬಾ ಸಲ ಫಾರ್ವರ್ಡ್ ಆದದ್ದನ್ನು ಒಂದು ಸಲಕ್ಕೆ ಒಬ್ಬರಿಗೇ ಕಳಿಸ್ಲಿಕ್ಕೆ ಆಗುವ ಹಾಗೆ ವಾಟ್ಸಾಪ್ 2020ರಲ್ಲೇ ಮಾಡಿದೆ, ಆದ್ರೂ ನಮ್ಮ ಜನ ಒಬ್ಬೊಬ್ಬರಿಗೇ ಕೂತು ಕಳಿಸ್ತಾರೆ. ನಾವು ಮಾತಿಗೆ ಮಾತು ಬೆಳೆಸ್ಲಿಲ್ಲ. ಮರುದಿನ ಬೆಳಿಗ್ಗೆ ಹಲಸಿನಕಾಯಿ ಕೊಚ್ಚುದರಿಂದ ಶುರು ಮಾಡಿ, ಮೇಣ ಹಿಡಿದ ಕೈಗೆ ತೆಂಗಿನೆಣ್ಣೆ ಉಜ್ಜುದು, ಸೊಳೆ ಬೇಯುದು, ಗ್ರೈಂಡರಿಗೆ ಹಾಕುದು, ಉಂಡೆ ಕಟ್ಟಿ ಮಣೆಯಲ್ಲಿ ಒತ್ತುದು, ಅಂಗಳದ ಚಾಪೆಯಲ್ಲಿ ಸಾಲಾಗಿ ಹಾಕುದು, ಎಲ್ಲ ತುಂಡು ತುಂಡು ವೀಡಿಯೊ ಮಾಡಿ ಸ್ಟೇಟಸಿಗೆ ಹಾಕಿದೆವು, ಕಟ್ಟಿಂಗ್ ಎಡಿಟಿಂಗ್ ಏನೂ ಇಲ್ಲ, ಹಿಂದೆ ಕೋಳಿ ಕೂಗುದೂ ಕೇಳ್ತದೆ. ಸ್ಟೇಟಸ್ 24 ಗಂಟೆ ಮಾತ್ರ ಇರುದು, ಅಷ್ಟರಲ್ಲಿ "ಆ ವೀಡಿಯೊ ನನಗೆ ಕಳಿಸಿ" ಅಂತ ಹಳೇ ಗಿರಾಕಿಗಳೇ ಕೇಳಿ ತಗೊಂಡು ಅದೇ ಗ್ರೂಪುಗಳಿಗೆ ಹಾಕಿದ್ರು. ನಾವು ಹೇಳಿದ್ರೆ ಜಾಹೀರಾತು, ಅವರು ಹೇಳಿದ್ರೆ ಸಾಕ್ಷಿ.

ಇನ್‌ಸ್ಟಾಗ್ರಾಮ್ ಬಗ್ಗೆ ಜಾಸ್ತಿ ಇಲ್ಲ. ಹಪ್ಪಳ ಎಣ್ಣೆಗೆ ಬಿದ್ದು ಅರಳುವ ರೀಲಿಗೆ ಲೈಕ್ ಬರ್ತದೆ, ಆರ್ಡರ್ ಬರುದು ಕಮ್ಮಿ. ಬಿಸಿನೆಸ್ ಅಕೌಂಟಿಗೆ ಸಿನಿಮಾ ಹಾಡು ಎಲ್ಲ ಸಿಗುದಿಲ್ಲ, ದುಡ್ಡು ಕೊಟ್ಟು ಬೂಸ್ಟ್ ಮಾಡಿದ್ರೆ (ಪೋಸ್ಟನ್ನು ಜಾಹೀರಾತಾಗಿ ಓಡಿಸಿದ್ರೆ) ಮೇಲಿಂದ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಬೂಸ್ಟ್ ಮಾಡುದಾದ್ರೆ ಲೊಕೇಶನ್ ಮಂಗಳೂರು, ಬೆಂಗಳೂರು ಅಂತ ಹಿಡಿದು ಕೊಡಿ, ಪಾರ್ಸೆಲ್ ಹೋಗದ ಊರಿನ ಲೈಕ್ ಇಟ್ಕೊಂಡು ಎಂತ ಮಾಡುದು. ಫ್ರೀ ಪಾರ್ಸೆಲ್ ಕಳಿಸಿ ವೀಡಿಯೊ ಮಾಡ್ತೇವೆ ಅನ್ನುವವರಿಗೆ ಕಳಿಸುದಾದ್ರೆ, ಫ್ರೀ ಸಿಕ್ಕಿದ್ದು ಅಂತ ಅವರು ವೀಡಿಯೊದಲ್ಲಿ ಹೇಳ್ಬೇಕು, ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲೇ ಗೈಡ್‌ಲೈನ್ ಕೊಟ್ಟಿದೆ.

ಹೊಸದಾಗಿ ಶುರು ಮಾಡುವವರು ಗೂಗಲ್ ಪ್ರೊಫೈಲನ್ನು ಸೆಟಪ್ ಮಾಡಿಕೊಡುವ ಹುಡುಗರ ಜಿಮೇಲಲ್ಲಿ ಮಾಡಿಸ್ಬೇಡಿ. ಓನರ್ ನಿಮ್ಮ ಜಿಮೇಲ್ ಇರ್ಲಿ, ಅವರನ್ನು ಮ್ಯಾನೇಜರ್ ಅಂತ ಸೇರಿಸಿದ್ರೆ ಕೆಲಸ ನಡೀತದೆ, ಬೇಡದಾಗ ತೆಗೀಲಿಕ್ಕೂ ಆಗ್ತದೆ. ವಾಟ್ಸಾಪಿಗೆ ಟು ಸ್ಟೆಪ್ ಪಿನ್ (ನಿಮ್ಮ ನಂಬರನ್ನು ಬೇರೆ ಫೋನಲ್ಲಿ ತೆರೆಯುವಾಗ ಕೇಳುವ ಗುಟ್ಟಿನ ನಂಬರ್) ಹಾಕಿ, ಸಿಮ್ ಮನೆಯವರದ್ದೇ ಹೆಸರಲ್ಲಿರ್ಲಿ.